ನಾಯಿಗೆ ಭಾರ ಎಳೆಯಲು ಕಲಿಸುವುದು: ಕೊಡಗಿನ ತೋಟದ ಮನೆಯವರಿಗೆ ಹಂತ ಹಂತದ ಮಾರ್ಗದರ್ಶಿ

"ಟಯರ್ ಕಟ್ಟಿದ ಮೊದಲ ದಿನ ಚೆನ್ನಾಗೇ ಎಳೆಯಿತು. ಮರುದಿನ ಹಾರ್ನೆಸ್ (ಎಳೆಯಲು ಮೈಗೆ ತೊಡಿಸುವ ಪಟ್ಟಿ) ನೋಡಿದ ಕೂಡಲೇ ಮಂಚದ ಕೆಳಗೆ ಹೋಗಿ ಕೂತುಬಿಟ್ಟಿತು." ನಾಯಿಗೆ ಭಾರ ಎಳೆಯಲು ಕಲಿಸಹೊರಟ ಬಹಳ ಜನ ಹೇಳುವ ಮಾತು ಇದೇ. ನಾಯಿ ಸೋಮಾರಿ ಎಂದು ಕೈಬಿಡುತ್ತಾರೆ, ಇಲ್ಲವೇ ಗದರಿಸಿ ಎಳೆಸಲು ನೋಡುತ್ತಾರೆ. ಎರಡೂ ತಪ್ಪು.

ಕೆಟ್ಟಿರುವುದು ಕ್ರಮ. ಹಿಂದಿನಿಂದ ಯಾವುದೋ ತನ್ನನ್ನು ಜಗ್ಗುತ್ತಿದೆ, ಸದ್ದು ಮಾಡುತ್ತಾ ಬೆನ್ನಟ್ಟಿ ಬರುತ್ತಿದೆ ಅನ್ನುವುದು ನಾಯಿಗೆ ಹೆದರಿಕೆಯ ವಿಷಯ. ಆ ಹೆದರಿಕೆ ಮೊದಲು ಹೋಗಬೇಕು. ಆಮೇಲೆ ದೂರ. ಭಾರ ಬರುವುದು ಎಲ್ಲಕ್ಕಿಂತ ಕೊನೆಗೆ. ನಮ್ಮಲ್ಲಿ ಬಹುತೇಕರು ಭಾರದಿಂದಲೇ ಶುರು ಮಾಡುತ್ತಾರೆ.

1. ನಾಯಿ ಈ ಕೆಲಸಕ್ಕೆ ಸಿದ್ಧವಿದೆಯಾ ನೋಡಿ

ವಯಸ್ಸೇ ಮೊದಲ ಮಾತು. ಮರಿಯ ಮೂಳೆಗಳ ತುದಿಯಲ್ಲಿ ಬೆಳೆಯುವ ಭಾಗ ಮೆತ್ತಗಿರುತ್ತದೆ. ಅದು ಗಟ್ಟಿಯಾಗುವ ಮುಂಚೆ ಭಾರ ಬಿದ್ದರೆ ಕಾಲು, ಕೀಲು ಎರಡೂ ಕೆಡಬಹುದು. ಮಧ್ಯಮ ಗಾತ್ರದ ನಾಯಿಗೆ 15 ತಿಂಗಳಾದರೂ ಆಗಲಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್‌ಗಳಿಗೆ 18 ತಿಂಗಳು ತುಂಬಲಿ. ಅದಕ್ಕಿಂತ ದೊಡ್ಡ ತಳಿಗೆ ಎರಡು ವರ್ಷ. ಅಲ್ಲಿಯವರೆಗೆ ಸುಮ್ನೆ ಕೂರಬೇಕಿಲ್ಲ. ಹಂತ 4 ಮತ್ತು 5ರಲ್ಲಿ ಭಾರವೇ ಇಲ್ಲ, ಅವನ್ನು ಎಂಟು ತಿಂಗಳ ಮರಿಗೂ ಕಲಿಸಬಹುದು.

ಈ ಮೂರು ತಳಿಗಳಲ್ಲಿ ಸೊಂಟದ ಕೀಲಿನ ದೋಷ ಸಾಮಾನ್ಯ. ಹೊರಗಿನಿಂದ ಕಾಣುವುದಿಲ್ಲ. ಭಾರ ಶುರು ಮಾಡುವ ಮುಂಚೆ ಒಂದು ಸಲ ಸೊಂಟದ ಎಕ್ಸ್‌ರೇ ತೆಗೆಸಿ. ಮೈಸೂರಿಗೆ ಹೋಗಬೇಕಾಗಿ ಬಂದರೂ ಹೋಗಿ ಬನ್ನಿ, ಆ ಒಂದು ದಿನ ದಂಡವಲ್ಲ.

ಇನ್ನೊಂದು ವಿಷಯವನ್ನು ಕೊಡಗಿನವರು ಮರೆಯಲೇಬಾರದು. ಉಣ್ಣಿ ಜ್ವರ. ತೋಟದಲ್ಲಿ ಓಡಾಡುವ ನಾಯಿಗೆ ಉಣ್ಣಿ ತಪ್ಪಿದ್ದಲ್ಲ. ಅದರಿಂದ ಬರುವ ಜ್ವರ ಕೆಲವು ನಾಯಿಗಳಲ್ಲಿ ತಿಂಗಳುಗಟ್ಟಲೆ ಒಳಗೇ ಇರುತ್ತದೆ. ಊಟ ಮಾಡುತ್ತದೆ, ಬಾಲ ಅಲ್ಲಾಡಿಸುತ್ತದೆ, ಆದರೆ ಬೇಗ ಸುಸ್ತಾಗುತ್ತದೆ. ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ ಹೋಗಿ ಬಿಳಚಿಕೊಂಡಿದ್ದರೆ ತರಬೇತಿ ಅಲ್ಲಿಗೇ ನಿಲ್ಲಿಸಿ, ರಕ್ತ ಪರೀಕ್ಷೆ ಮಾಡಿಸಿ. ಸೋಮಾರಿ ಅನ್ನಿಸಿಕೊಂಡ ಎಷ್ಟೋ ನಾಯಿಗಳು ನಿಜಕ್ಕೂ ಕಾಯಿಲೆ ಬಿದ್ದ ನಾಯಿಗಳು. ಗದ್ದೆಯ ನೀರಿನಲ್ಲಿ ಓಡಾಡುವ ನಾಯಿಗೆ ಇಲಿ ಜ್ವರದ ಲಸಿಕೆಯೂ ವರ್ಷ ವರ್ಷ ಆಗಿರಬೇಕು.

ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಈ ಕೆಲಸ ಬೇಡವೇ ಬೇಡ. ಉಸಿರಾಟಕ್ಕೇ ಕಷ್ಟ ಅವಕ್ಕೆ. ಮುಧೋಳ ನಾಯಿಯದು ಓಟದ ಮೈ. ಹಗುರವಾದದ್ದು ಎಳೆಯಲಿ, ಜಾಸ್ತಿ ಭಾರದ ಆಸೆ ಇಟ್ಟುಕೊಳ್ಳಬೇಡಿ. ಗಟ್ಟಿಮುಟ್ಟಾದ ನಾಡನಾಯಿ ಇದ್ದರೆ ಖಂಡಿತ ಪ್ರಯತ್ನಿಸಿ.

ಮೈ ದಪ್ಪಗಿದ್ದರೆ ಮೊದಲು ಇಳಿಸಿ. ಪಕ್ಕೆ ಮೇಲೆ ಕೈಯಾಡಿಸಿದರೆ ಎಲುಬುಗಳು ಬೆರಳಿಗೆ ಸಿಗಬೇಕು.

2. ಸಾಮಾನು ಹೊಂದಿಸಿಕೊಳ್ಳಿ

ಹಾರ್ನೆಸ್: ಇದರಲ್ಲಿ ರಾಜಿ ಬೇಡ. ಕೊರಳ ಪಟ್ಟಿಗೆ ಹಗ್ಗ ಕಟ್ಟಿ ಎಳೆಸಿದರೆ ಭಾರವೆಲ್ಲ ಗಂಟಲಿನ ಮೇಲೆ. ವಾಕಿಂಗ್‌ಗೆ ಹಾಕುವ ಹಾರ್ನೆಸ್ ಕೂಡ ಆಗದು. ಅದರ ಕೊಂಡಿ ಬೆನ್ನಿನ ನಡುವೆ ಇರುತ್ತದೆ, ಎಳೆದಾಗ ಪಟ್ಟಿ ಮೇಲಕ್ಕೆ ಸರಿದು ಕಂಕುಳು ಕೊರೆಯುತ್ತದೆ.

ಭಾರ ಎಳೆಯುವ ಹಾರ್ನೆಸ್‌ನಲ್ಲಿ ಎದೆಯ ಮೇಲೆ ಅಗಲವಾದ, ಒಳಗೆ ಮೆತ್ತೆ ಇರುವ ಪಟ್ಟಿ ಇರುತ್ತದೆ. ಅಲ್ಲಿಂದ ಎರಡು ಪಟ್ಟಿಗಳು ಮೈಯ ಎರಡೂ ಬದಿಯಲ್ಲಿ ಹಿಂದಕ್ಕೆ ಹೋಗಿ, ಹಿಂಗಾಲುಗಳ ಹಿಂದೆ ಅಡ್ಡಕ್ಕೆ ಇರುವ ಒಂದು ಕೋಲಿಗೆ ಸೇರುತ್ತವೆ. ಹಗ್ಗ ಕಟ್ಟುವುದು ಆ ಕೋಲಿನ ನಡುವಿಗೆ. ಕೋಲು ನಾಯಿಯ ಸೊಂಟಕ್ಕಿಂತ ಒಂದೆರಡು ಇಂಚು ಅಗಲ ಇರಬೇಕು, ಇಲ್ಲದಿದ್ದರೆ ಬದಿಯ ಪಟ್ಟಿಗಳು ತೊಡೆಗೆ ಉಜ್ಜುತ್ತವೆ. ಸೊಂಟದ ಮೇಲಿಂದ ಇಳಿಬಿಟ್ಟ ಪಟ್ಟಿಯೊಂದು ಕೋಲು ನೆಲಕ್ಕೆ ಬೀಳದಂತೆ ಹಿಡಿದಿರುತ್ತದೆ.

ಇದು ನಮ್ಮ ಅಂಗಡಿಗಳಲ್ಲಿ ಸಿಗುವುದು ಕಡಿಮೆ. ಆನ್‌ಲೈನ್‌ನಲ್ಲಿ ತರಿಸಬಹುದು. ಇಲ್ಲವೇ ಜೀಪಿನ ಹುಡ್, ಸೀಟು ಹೊಲಿಯುವವರ ಹತ್ತಿರ ನಾಯಿಯನ್ನೇ ಕರೆದುಕೊಂಡು ಹೋಗಿ ಅಳತೆ ಕೊಡಿ. ಎರಡು ಇಂಚಿನ ನೈಲಾನ್ ಪಟ್ಟಿ, ಎದೆಯ ಒಳಭಾಗಕ್ಕೆ ದಪ್ಪ ಫೆಲ್ಟ್. ಪಟ್ಟಿ ಕೂಡುವ ಕಡೆಯೆಲ್ಲ ಚೌಕಾಕಾರವಾಗಿ ಹೊಲಿದು ನಡುವೆ ಅಡ್ಡ ಗೆರೆ ಹಾಕಿಸಿ. ಎದೆಯ ಪಟ್ಟಿ ಗಂಟಲಿನ ಕೆಳಗೆ, ಎದೆ ಮೂಳೆಯ ಮೇಲೆ ಕೂರಬೇಕು. ಮೊಣಕೈಗೆ ಎಲ್ಲೂ ತಾಗಬಾರದು. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ಮೂರು ಹೋದರೆ ಸಡಿಲ.

ಟಯರ್: ಹಳೆಯ ಸ್ಕೂಟರ್ ಟಯರ್ ಒಂದು, ಸಣ್ಣ ಕಾರಿನದು ಒಂದು. ಜೀಪಿನ ಟಯರ್ ಕೈಗೆ ಸಿಗುತ್ತದೆ ಅಂತ ಅದರಿಂದಲೇ ಶುರು ಮಾಡಬೇಡಿ. ಕೆಳಬದಿಯಲ್ಲಿ ನಾಲ್ಕು ತೂತು ಕೊರೆಯಿರಿ, ಮಳೆ ನೀರು ನಿಂತು ಸೊಳ್ಳೆ ಆಗುವುದಿಲ್ಲ.

ಹಗ್ಗ: ನಾಯಿಯ ಹಿಂಗಾಲಿನಿಂದ ಟಯರಿನವರೆಗೆ ಐದಾರು ಅಡಿ ಇರಲಿ. ಗಿಡ್ಡವಾದರೆ ಹಗ್ಗ ಕಡಿದಾಗಿ ಇಳಿದು ಸೊಂಟವನ್ನು ಕೆಳಕ್ಕೆ ಜಗ್ಗುತ್ತದೆ, ಟಯರ್ ಹಿಮ್ಮಡಿಗೂ ಬಡಿಯುತ್ತದೆ. ಉದ್ದವಾದರೆ ಕಾಫಿ ಗಿಡದ ಬುಡಕ್ಕೆ ಸುತ್ತಿಕೊಳ್ಳುತ್ತದೆ.

ಬಿಡಿಸುವ ಕೊಂಡಿ: ಕೋಲು ಮತ್ತು ಹಗ್ಗದ ನಡುವೆ, ಒಂದೇ ಕೈಯಲ್ಲಿ ತಟ್ಟನೆ ಬಿಚ್ಚಬಹುದಾದ ಕೊಂಡಿ. ಗಂಟು ಹಾಕಿ ಕಟ್ಟಬೇಡಿ. ಯಾಕೆ ಅಂತ ಮುಂದಿನ ಹಂತದಲ್ಲಿ ಹೇಳುತ್ತೇನೆ.

ತೂಕದ ತಕ್ಕಡಿ: ಕಾಫಿ ಕುಯ್ಲಿನಲ್ಲಿ ಹಣ್ಣಿನ ಚೀಲ ತೂಗುವ, ಕೊಕ್ಕೆ ಇರುವ ತಕ್ಕಡಿ ಬಹಳ ಮನೆಗಳಲ್ಲಿ ಇದೆ. ಅದು ಈ ಕೆಲಸಕ್ಕೆ ತುಂಬಾ ಉಪಯೋಗ. ಜೊತೆಗೆ ಒಂದು ಡಿಜಿಟಲ್ ಥರ್ಮಾಮೀಟರ್, ನೀರು.

3. ಜಾಗ ಮತ್ತು ಹೊತ್ತು

ಕೊಡಗಿನಲ್ಲಿ ಸಮತಟ್ಟಾದ ಜಾಗ ಹುಡುಕುವುದೇ ಅರ್ಧ ಕೆಲಸ. ತೋಟದ ರಸ್ತೆ ಬೇಡ. ಇಳಿಜಾರಿನಲ್ಲಿ ಭಾರ ತಾನಾಗಿ ಜಾರಿ ಬಂದು ನಾಯಿಯ ಕಾಲಿಗೆ ಬಡಿಯುತ್ತದೆ. ಹೀಗೆ ಒಂದು ಸಲ ಪೆಟ್ಟು ತಿಂದ ನಾಯಿ ಹಿಂದೆ ಹಿಂದೆ ತಿರುಗಿ ನೋಡಲು ಶುರು ಮಾಡುತ್ತದೆ, ಆ ಭಯ ಬಿಡಿಸಲು ವಾರಗಳು ಬೇಕು. ಏರು ಕೂಡ ಬೇಡ, ಅದೇ ಟಯರ್ ಅಲ್ಲಿ ಬಹಳ ಭಾರವಾಗುತ್ತದೆ.

ಕುಯ್ಲಾದ ಗದ್ದೆ ಎಲ್ಲಕ್ಕಿಂತ ಒಳ್ಳೆಯದು. ಜನವರಿಯಿಂದ ಬೇಸಿಗೆ ಮಳೆ ಹಿಡಿಯುವವರೆಗೆ ನೆಲ ಗಟ್ಟಿಯಾಗಿ, ಉಗುರು ಊರಲು ಹಿಡಿತ ಸಿಗುವ ಹಾಗೆ ಇರುತ್ತದೆ. ಕೂಳೆ ಚೂಪಾಗಿದ್ದರೆ ಒಂದು ಪಟ್ಟಿಯಷ್ಟು ಜಾಗ ಸವರಿಕೊಳ್ಳಿ. ಕಾಫಿ ಒಣಗಿಸುವ ಕಣ ಸಮತಟ್ಟಾಗಿದೆ ನಿಜ. ಆದರೆ ಸಿಮೆಂಟು ಅಂಗಾಲು ಸವೆಸುತ್ತದೆ, ಬಿಸಿಲಿಗೆ ಸುಡುತ್ತದೆ. ನಿಮ್ಮ ಅಂಗೈ ನೆಲಕ್ಕೆ ಒತ್ತಿ ಏಳು ಎಣಿಸುವವರೆಗೆ ಇಡಲಾಗದಿದ್ದರೆ ನಾಯಿಗೂ ಆಗದು. ಕುಯ್ಲಿನ ಕಾಲದಲ್ಲಿ ಕಣದ ಹತ್ತಿರವೂ ಬೇಡ. ಪಲ್ಪ್ ಆದ ಹಣ್ಣು, ಕಾಫಿ ಬೀಜ ತಿಂದರೆ ಕೆಫೀನ್ ಮೈಗೇರಿ ವಾಂತಿ, ನಡುಕ, ಎದೆ ಬಡಿತ ಜೋರಾಗುತ್ತದೆ. ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ ಔಷಧ) ಹೊಡೆದ ಪಟ್ಟೆಗಳಿಂದಲೂ ದೂರ ಇರಿ.

ಹೊತ್ತಿನ ವಿಷಯದಲ್ಲಿ ನಮ್ಮಲ್ಲಿ ಒಂದು ಇಕ್ಕಟ್ಟು ಇದೆ. ತಂಪಾಗಿರುವುದು ನಸುಕು ಮತ್ತು ಸಂಜೆ. ಆನೆ ಓಡಾಡುವುದೂ ಅದೇ ಹೊತ್ತು. ಸಿದ್ದಾಪುರ, ತಿತಿಮತಿ, ವಿರಾಜಪೇಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟಯರ್ ಕಟ್ಟಿಕೊಂಡ ನಾಯಿಗೆ ಓಡಲು ಆಗದು. ಓಡಿದರೂ ನೇರ ನಿಮ್ಮ ಕಡೆಗೇ ಓಡಿ ಬರುತ್ತದೆ, ಅದರ ಹಿಂದೆ ಆನೆ. ಆದ್ದರಿಂದ ಮನೆಗೆ ಹತ್ತಿರದ, ನಾಲ್ಕೂ ಕಡೆ ಕಣ್ಣಿಗೆ ಕಾಣುವ ಬಯಲನ್ನೇ ಆರಿಸಿ. ಚೆನ್ನಾಗಿ ಬೆಳಕಾದ ಮೇಲೆ ಶುರು ಮಾಡಿ, ಬಿಸಿಲೇರುವ ಮುಂಚೆ ಮುಗಿಸಿ. ಆ ಬಿಚ್ಚುವ ಕೊಂಡಿ ಬೇಕಾಗುವುದು ಇಂಥ ಹೊತ್ತಿಗೇ. ಹಂದಿಗೆ ಉರುಳು ಇಡುವ ಕಡೆಯಂತೂ ನಾಯಿಯನ್ನು ಕರೆದುಕೊಂಡು ಹೋಗಲೇಬೇಡಿ.

4. ಹಾರ್ನೆಸ್ ಮಾತ್ರ (ಮೊದಲ ವಾರ)

ಹಾರ್ನೆಸ್ ನೆಲದ ಮೇಲಿಡಿ. ನಾಯಿ ಮೂಸಿ ನೋಡಲಿ. ಮೂಸಿದ್ದಕ್ಕೆ ಒಂದು ತುಂಡು ಬೇಯಿಸಿದ ಕೋಳಿ. ಉಪ್ಪು, ಖಾರ, ಈರುಳ್ಳಿ ಯಾವುದೂ ಇರಬಾರದು. ಉಳಿದ ಪಂದಿ ಕರಿ ಕೊಡಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತ ಕೆಡಿಸುತ್ತವೆ, ಅಷ್ಟು ಕೊಬ್ಬು ಮೇದೋಜೀರಕ ಗ್ರಂಥಿಗೆ ಕೆಟ್ಟದ್ದು.

ಹಾರ್ನೆಸ್ ಹಾಕಿ, ಐದು ನಿಮಿಷ ಅಂಗಳದಲ್ಲಿ ಸುತ್ತಾಡಿಸಿ, ಬಿಚ್ಚಿ. ಅಷ್ಟೇ. ಮೊದಲೆರಡು ದಿನ ಅಡ್ಡ ಕೋಲು ಬೇಡ. ಕೋಲು ಹಾಕಿದ ಮೇಲೆ ಅದು ತೊಡೆಗೆ ತಾಗಿದಾಗ ನಾಯಿ ಬೆಚ್ಚುತ್ತದೆ. ಆಗ ನೀವು "ಅಯ್ಯೋ ಪಾಪ" ಅನ್ನದೆ ಮುಂದೆ ನಡೆಯಿರಿ. ಅದೂ ನಡೆಯುತ್ತದೆ.

ಇದೇ ವಾರದಲ್ಲಿ ಎರಡು ಮಾತು ಕಲಿಸಿ. ಎಳೆಯುವುದಕ್ಕೆ ಒಂದು, ನಿಲ್ಲುವುದಕ್ಕೆ ಒಂದು. ಕನ್ನಡವೋ, ಕೊಡವ ತಕ್ಕೋ, ಅರೆಭಾಷೆಯೋ, ಮನೆಯಲ್ಲಿ ಎಲ್ಲರೂ ಅದೇ ಮಾತು ಬಳಸಬೇಕು. ಅಜ್ಜಿ ಒಂದು ಹೇಳಿ, ಮಕ್ಕಳು ಇನ್ನೊಂದು ಹೇಳಿದರೆ ನಾಯಿಗೆ ಏನು ಗೊತ್ತಾಗಬೇಕು?

ಹಾರ್ನೆಸ್ ಕೈಗೆತ್ತಿಕೊಂಡಾಗ ನಾಯಿ ತಾನಾಗಿ ಹತ್ತಿರ ಬರಬೇಕು. ಬಂದರೆ ಮುಂದಿನ ಹಂತ. ಬರದಿದ್ದರೆ ಇಲ್ಲೇ ಇರಿ, ಎಷ್ಟು ದಿನ ಆದರೂ ಸರಿ.

5. ಸದ್ದು ಮತ್ತು ಜಗ್ಗು (ಎರಡು, ಮೂರನೇ ವಾರ)

ಬರಿ ಹಗ್ಗ ಕಟ್ಟಿ ನಡೆಸಿ. ಆಮೇಲೆ ಹಗ್ಗದ ತುದಿಗೆ ಒಣ ತೆಂಗಿನ ಗರಿ ಅಥವಾ ಖಾಲಿ ಪ್ಲಾಸ್ಟಿಕ್ ಬಾಟಲಿ. ತೂಕ ಇಲ್ಲ, ಸದ್ದು ಮಾತ್ರ ಇದೆ. ಮೊದಲು ಆ ಬಾಟಲಿಯನ್ನು ನೀವೇ ನಾಯಿಯ ಮುಂದೆ ಎಳೆದುಕೊಂಡು ಹೋಗಿ, ಅದು ಬೆನ್ನಟ್ಟಿ ಬರಲಿ. ನಂತರ ಪಕ್ಕದಲ್ಲಿ. ಕೊನೆಗೆ ಹಿಂದೆ. ಈ ಕ್ರಮ ತಪ್ಪಿಸಿದವರ ನಾಯಿಗಳೇ ಹೆದರಿ ಓಟ ಕೀಳುವುದು. ಓಡಿದಷ್ಟೂ ಬಾಟಲಿ ಬೆನ್ನು ಹತ್ತುತ್ತದಲ್ವಾ?

ಸದ್ದಿಗೆ ಹೊಂದಿಕೊಂಡ ಮೇಲೆ ಜಗ್ಗು. ಹಗ್ಗದ ತುದಿ ನಿಮ್ಮ ಕೈಯಲ್ಲಿರಲಿ, ಇನ್ನೊಬ್ಬರು ಮುಂದೆ ನಿಂತು ನಾಯಿಯನ್ನು ಕರೆಯಲಿ. ನಾಯಿ ನಡೆಯುವಾಗ ಹಗ್ಗವನ್ನು ಮೆಲ್ಲಗೆ ಹಿಡಿದು, ಎದೆಗೆ ಒತ್ತು ಗೊತ್ತಾಗುವಷ್ಟು ಮಾತ್ರ ತಡೆಯಿರಿ. ಅದು ಮುಂದಕ್ಕೆ ಬಾಗಿ ಒತ್ತಿದ ಕ್ಷಣವೇ ಸಡಿಲ ಬಿಡಿ, ಹೊಗಳಿ, ತಿನ್ನಲು ಕೊಡಿ. ಒತ್ತಿದರೆ ಹಿಂದಿನದು ಸಡಿಲವಾಗುತ್ತದೆ ಎಂದು ಅದಕ್ಕೆ ಅರ್ಥವಾಗಬೇಕು. ಇಡೀ ಕಲಿಕೆಯ ತಿರುಳು ಇದೇ. ಇದಕ್ಕೆ ಎಷ್ಟು ದಿನ ಕೊಟ್ಟರೂ ಜಾಸ್ತಿಯಲ್ಲ.

6. ಮೊದಲ ಭಾರ

ಈಗ ಸ್ಕೂಟರ್ ಟಯರ್. ಮೊದಲ ದಿನ ಹತ್ತು ಹೆಜ್ಜೆ, ನಿಲ್ಲಿಸಿ, ಹೊಗಳಿ. ಹೀಗೆ ಮೂರು ಸಲ. ಇನ್ನೂ ಬೇಕು ಅಂತ ನಾಯಿ ಕುಣಿಯುತ್ತಿರುವಾಗಲೇ ಬಿಚ್ಚಿ. ಸುಸ್ತಾಗುವವರೆಗೆ ಎಳೆಸಿ ನಿಲ್ಲಿಸಿದರೆ ಮರುದಿನ ಮಂಚದ ಕೆಳಗೇ ಹುಡುಕಬೇಕಾಗುತ್ತದೆ.

ಹೊರಡುವಾಗ ಹಗ್ಗ ಸಡಿಲ ಇರಬಾರದು. ನಿಂತ ಭಾರವನ್ನು ಕದಲಿಸಲು ಬೇಕಾಗುವ ಬಲ, ಕದಲಿದ್ದನ್ನು ಎಳೆದುಕೊಂಡು ಹೋಗಲು ಬೇಕಾಗುವ ಬಲಕ್ಕಿಂತ ಜಾಸ್ತಿ. ಸಡಿಲ ಹಗ್ಗದಲ್ಲಿ ನಾಯಿ ಮುಂದೆ ನುಗ್ಗಿದರೆ ಆ ಬಲವೆಲ್ಲ ಒಂದೇ ಏಟಿಗೆ ಭುಜದ ಮೇಲೆ ಬೀಳುತ್ತದೆ. ಒಂದು ಹೆಜ್ಜೆ ಮುಂದೆ ಕರೆದು, ಹಗ್ಗ ಬಿಗಿಯಾದ ಮೇಲೆ ನಿಲ್ಲಿಸಿ, ಆಮೇಲೆ ಎಳೆಯುವ ಮಾತು ಹೇಳಿ.

ಸರಿಯಾಗಿ ಎಳೆಯುವ ನಾಯಿ ಹೀಗೆ ಕಾಣುತ್ತದೆ: ತಲೆ ಬೆನ್ನಿಗಿಂತ ಕೆಳಗೆ, ಬೆನ್ನು ಮಟ್ಟಸ, ಹಿಂಗಾಲಿನಿಂದ ಸಣ್ಣ ಸಣ್ಣ ಹೆಜ್ಜೆ ಒತ್ತುತ್ತಾ. ತಲೆ ಎತ್ತಿ ಮುಂಗಾಲು ಕುಪ್ಪಳಿಸುತ್ತಿದ್ದರೆ ನೀವು ತಿಂಡಿಯನ್ನು ತುಂಬಾ ಎತ್ತರದಲ್ಲಿ ಹಿಡಿದಿದ್ದೀರಿ. ಕೂತು ಕರೆಯಿರಿ.

7. ಮೊದಲು ದೂರ ಹೆಚ್ಚಿಸಿ, ಆಮೇಲೆ ಭಾರ

ಇಲ್ಲೇ ಹೆಚ್ಚಿನವರು ಎಡವುವುದು. ನಾಯಿ ಸ್ಕೂಟರ್ ಟಯರನ್ನು ಸಲೀಸಾಗಿ ಎಳೆಯಿತು ಅಂತ ಮರುದಿನವೇ ಕಾರಿನ ಟಯರ್ ಕಟ್ಟುತ್ತಾರೆ. ಸ್ನಾಯುಗಳಿಗೆ ಬಲ ಬೇಗ ಬರುತ್ತದೆ. ಕೀಲು ಹಿಡಿದಿಡುವ ನಾರುಗಳು ಗಟ್ಟಿಯಾಗುವುದು ನಿಧಾನ. ಆ ನಡುವಿನ ಅವಧಿಯಲ್ಲೇ ಪೆಟ್ಟಾಗುವುದು.

ಭಾರ ಅಳೆಯಲು ಆ ಕಾಫಿ ತಕ್ಕಡಿ ತನ್ನಿ. ಕೊಕ್ಕೆಯನ್ನು ಟಯರಿನ ಹಗ್ಗಕ್ಕೆ ಸಿಕ್ಕಿಸಿ, ಮೇಲಿನ ಉಂಗುರ ಹಿಡಿದು ನೆಲಕ್ಕೆ ಸಮನಾಗಿ ನೀವೇ ನಿಧಾನವಾಗಿ ಎಳೆಯಿರಿ. ಕದಲುವಾಗ ಮುಳ್ಳು ಒಂದು ಕಡೆ ಹೋಗುತ್ತದೆ, ಚಲಿಸತೊಡಗಿದ ಮೇಲೆ ಇಳಿದು ಇನ್ನೊಂದು ಕಡೆ ನಿಲ್ಲುತ್ತದೆ. ನಾಯಿಯ ಎದೆಗೆ ಬೀಳುವುದು ಈ ಅಂಕಿ, ಟಯರಿನ ತೂಕ ಅಲ್ಲ. ಅದೇ ಟಯರನ್ನು ಒಣ ಸಿಮೆಂಟು, ಇಬ್ಬನಿ ಬಿದ್ದ ಹುಲ್ಲು, ಕೆಸರು ಮಣ್ಣು ಮೂರರ ಮೇಲೂ ಎಳೆದು ನೋಡಿ. ಮೂರೂ ಕಡೆ ಬೇರೆ ಬೇರೆ ಅಂಕಿ. ನಿನ್ನೆ ಎಳೆದ ನಾಯಿ ಇಂದು ಯಾಕೆ ನಿಂತಿತು ಅನ್ನುವುದಕ್ಕೆ ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತದೆ.

ನಾನು ಹೇಳುವ ಲೆಕ್ಕ ಇಷ್ಟು. ಚಲಿಸುವಾಗಿನ ಅಂಕಿ ಮೊದಮೊದಲು ನಾಯಿಯ ತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದು. 30 ಕಿಲೋ ನಾಯಿಗೆ 3 ಕಿಲೋ. ಆ ಭಾರದಲ್ಲಿ ಹದಿನೈದು ನಿಮಿಷ, ನಡುನಡುವೆ ನಿಂತು, ಆರಾಮಾಗಿ ನಡೆಯುವಂತಾಗಬೇಕು. ಆಮೇಲೆ ಅರ್ಧ ಕಿಲೋ ಹೆಚ್ಚಿಸಿ, ದೂರವನ್ನು ಅರ್ಧಕ್ಕೆ ಇಳಿಸಿ, ಮತ್ತೆ ನಿಧಾನವಾಗಿ ದೂರ ಏರಿಸಿ. ಒಂದೇ ದಿನ ಎರಡನ್ನೂ ಹೆಚ್ಚಿಸಬೇಡಿ. ಟಯರ್ ಒಳಗೆ ಮರಳಿನ ಸಣ್ಣ ಚೀಲ ಇಟ್ಟರೆ ಅರ್ಧ ಅರ್ಧ ಕಿಲೋ ಏರಿಸುವುದು ಸುಲಭ.

ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು. ಎಳೆಯುವ ಮುಂಚೆ ಹತ್ತು ನಿಮಿಷ ನಡಿಗೆ, ಮುಗಿದ ಮೇಲೆ ಇನ್ನೊಂದು ಹತ್ತು ನಿಮಿಷ. ಹೊಟ್ಟೆ ತುಂಬಾ ಊಟ ಹಾಕಿ ಎಳೆಸಬೇಡಿ. ದೊಡ್ಡ ಎದೆಯ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ, ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಊಟಕ್ಕೂ ಎಳೆತಕ್ಕೂ ಮೂರು ಗಂಟೆ ಅಂತರ ಇರಲಿ.

8. ಗಾಡಿ ಮತ್ತು ದೊಡ್ಡ ಭಾರ

ವಿಡಿಯೋಗಳಲ್ಲಿ ನಾಯಿಗಳು ತಮ್ಮ ತೂಕದ ಹತ್ತಾರು ಪಟ್ಟು ಎಳೆಯುವುದು ನೋಡಿರುತ್ತೀರಿ. ಅದು ಚಕ್ರದ ಅಥವಾ ಹಳಿಯ ಮೇಲಿನ ಭಾರ. ಚಕ್ರದ ಮೇಲೆ ಎಳೆತ ಬಹಳ ಕಡಿಮೆ. ಅದನ್ನು ಟಯರಿಗೆ ಹೋಲಿಸಬೇಡಿ. 1984ರಲ್ಲಿ ಶುರುವಾದ ಅಂತರರಾಷ್ಟ್ರೀಯ ವೆಯ್ಟ್ ಪುಲ್ ಅಸೋಸಿಯೇಷನ್ನಿನ ಸ್ಪರ್ಧೆಗಳಲ್ಲಿ ನಾಯಿ 60 ಸೆಕೆಂಡಿನೊಳಗೆ 16 ಅಡಿ ಎಳೆಯಬೇಕು. ತಿಂಡಿ ತೋರಿಸಿ ಕರೆಯುವಂತಿಲ್ಲ. ಮನೆಯಲ್ಲೂ ಆ 16 ಅಡಿಯ ಅಳತೆ ಒಳ್ಳೆಯದು.

ಮೂರು ತಿಂಗಳು ಟಯರ್ ಎಳೆದು ಗಟ್ಟಿಯಾದ ಮೇಲೆ ನಾಲ್ಕು ಚಕ್ರದ ತಟ್ಟೆ ಗಾಡಿ ಬಳಸಿ. ಒಂಟಿ ಚಕ್ರದ ಕೈಗಾಡಿ ಆಗದು, ಮಗುಚುತ್ತದೆ. ಗಾಡಿಯ ಹಿಂದೆ ಹಗ್ಗ ಹಿಡಿದು ಒಬ್ಬರು ನಿಲ್ಲಲೇಬೇಕು. ನಾಯಿ ನಿಂತರೂ ಗಾಡಿ ನಿಲ್ಲುವುದಿಲ್ಲ, ಅದನ್ನು ತಡೆಯುವುದು ಅವರ ಕೆಲಸ. ಇನ್ನೊಂದು ಕೆಲಸವೂ ಇದೆ. ನಾಯಿ ಒತ್ತಿಯೂ ಗಾಡಿ ಕದಲದಿದ್ದರೆ ಹಿಂದಿನಿಂದ ಮೆಲ್ಲಗೆ ಕೈ ಕೊಟ್ಟು 16 ಅಡಿಯ ಗೆರೆ ದಾಟಿಸಬೇಕು. ಒತ್ತಿದರೆ ಯಾವ ಭಾರವಾದರೂ ಬರುತ್ತದೆ ಎಂದು ನಾಯಿ ನಂಬಿರಬೇಕು. ಸೋತು ನಿಂತ ನೆನಪು ಅದಕ್ಕೆ ಬೇಡ. ದೊಡ್ಡ ಭಾರ ವಾರಕ್ಕೆ ಒಂದೇ ದಿನ, ನಾಲ್ಕೈದು ಎಳೆತ.

ಕಾಫಿ ಮೂಟೆ ಸಾಗಿಸಲು ನಾಯಿಯನ್ನು ಹೂಡುವುದು, ಪಂದ್ಯ ಕಟ್ಟಿ ಎಳೆಸುವುದು ಬೇಡ. ಪ್ರಾಣಿಗೆ ಮಿತಿಮೀರಿ ಭಾರ ಹೊರಿಸುವುದು, ಹೊಡೆದು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಸೆಕ್ಷನ್ 11ರ ಪ್ರಕಾರ ಅಪರಾಧ.

9. ನಿಲ್ಲಿಸಲೇಬೇಕಾದ ಲಕ್ಷಣಗಳು

ಸೆಕೆ: ಮಡಿಕೇರಿಯ ತಂಪು ನಂಬಿ ಮೋಸ ಹೋಗಬೇಡಿ. ನಾಯಿ ಮೈ ತಣಿಸಿಕೊಳ್ಳುವುದು ಏದುಸಿರಿನಿಂದ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಮಳೆ ನಿಂತು ಬಿಸಿಲು ಬಿದ್ದ ಹೊತ್ತು, ಮೇ ತಿಂಗಳ ಮೋಡದ ಸಂಜೆ ಅಪಾಯದವು. ಕುಶಾಲನಗರದ ಕಡೆ ಬಿಸಿಲೂ ಜೋರು. ನಾಲಿಗೆ ತುದಿ ಅಗಲವಾಗಿ ಹೊರಚಾಚಿದರೆ, ವಸಡು ಕಡುಕೆಂಪಾದರೆ, ಜೊಲ್ಲು ಅಂಟಂಟಾಗಿ ದಾರ ಎಳೆದರೆ, ಹೆಜ್ಜೆ ತೂರಾಡಿದರೆ ತಕ್ಷಣ ಬಿಚ್ಚಿ. ನಾಯಿಯ ಮಾಮೂಲಿ ಶಾಖ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟಾಗ 41 ತೋರಿಸಿದರೆ ಜೀವಕ್ಕೆ ಅಪಾಯ. ನೆರಳಿಗೆ ತಂದು ಮೈಯೆಲ್ಲ ನೀರು ಸುರಿಯಿರಿ, ಗಾಳಿ ಬೀಸಿ. 39.5ಕ್ಕೆ ಇಳಿದ ಮೇಲೆ ನೀರು ನಿಲ್ಲಿಸಿ, ಡಾಕ್ಟರ ಹತ್ತಿರ ಹೋಗಿ. ಮೊದಲು ತಣಿಸಬೇಕು, ಆಮೇಲೆ ಗಾಡಿ ಹತ್ತಿಸಬೇಕು.

ನೋವು: ಎಳೆಯುವಾಗ ಗೊತ್ತಾಗುವುದಿಲ್ಲ, ಮರುದಿನ ಬೆಳಿಗ್ಗೆ ನೋಡಿ. ಏಳುವಾಗ ಬಿಗಿತ, ಮೆಟ್ಟಿಲು ಹತ್ತಲು ಹಿಂಜರಿಕೆ, ಎರಡೂ ಹಿಂಗಾಲು ಒಟ್ಟಿಗೆ ಎತ್ತಿ ಓಡುವುದು, ಒಂದೇ ಕಾಲನ್ನು ನೆಕ್ಕುತ್ತಿರುವುದು. ಇವುಗಳಲ್ಲಿ ಒಂದು ಕಂಡರೂ ಒಂದು ವಾರ ಬಿಡುವು. ವಾರದ ನಂತರವೂ ಇದ್ದರೆ ಡಾಕ್ಟರಿಗೆ ತೋರಿಸಿ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ, ನಾಯಿಗೆ ಅದು ವಿಷ.

ಚರ್ಮ: ಪ್ರತಿ ಸಲ ಹಾರ್ನೆಸ್ ಬಿಚ್ಚಿದ ಮೇಲೆ ಕಂಕುಳು, ಎದೆ, ತೊಡೆಸಂದು ಬೆರಳಾಡಿಸಿ ನೋಡಿ. ಕೂದಲು ಮುರಿದಿದ್ದರೆ ಪಟ್ಟಿ ಉಜ್ಜುತ್ತಿದೆ. ಹಾಗೆಯೇ ಬೆರಳ ಸಂದು, ಕಿವಿ ಒಳಗೆ ಉಣ್ಣಿ ಹುಡುಕಿ.

10. ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರ ನಿಲ್ಲಿಸಿ. ನೆಲ ಜಾರುತ್ತದೆ, ಜಾರಿದ ಹಿಂಗಾಲಿನಲ್ಲಿ ಮಂಡಿಯ ನಾರು ಹರಿಯುತ್ತದೆ. ಜಿಗಣೆ ಮೂಗಿನೊಳಗೂ ಹೋಗುತ್ತದೆ. ಒಂದೇ ಹೊಳ್ಳೆಯಿಂದ ರಕ್ತ ಬರುತ್ತಿದ್ದರೆ, ಮತ್ತೆ ಮತ್ತೆ ಸೀನುತ್ತಿದ್ದರೆ ನೀವೇ ಕಿತ್ತು ತೆಗೆಯಲು ಹೋಗದೆ ಡಾಕ್ಟರಿಗೆ ತೋರಿಸಿ. ಜಗಲಿಯಲ್ಲಿ ಹಂತ 5ರ ಕೈ ಹಗ್ಗದ ಆಟ ಆಡಿಸುತ್ತಿರಿ, ಕಲಿತದ್ದು ಮರೆಯುವುದಿಲ್ಲ. ಹಾರ್ನೆಸ್ ಒಲೆಯ ಹತ್ತಿರ ಒಣಗಿಸಬೇಡಿ, ನೈಲಾನ್ ಹಾಳಾಗುತ್ತದೆ. ಗಾಳಿಗೆ ತೂಗುಹಾಕಿ.

ಮಳೆ ಬಿಟ್ಟ ಮೇಲೆ ಮೊದಲಿದ್ದ ಭಾರದ ಅರ್ಧದಿಂದ ಶುರು ಮಾಡಿ.

11. ಎಳೆಯುವುದು ನಿಲ್ಲಿಸಿಬಿಟ್ಟರೆ

ಎರಡು ಹೆಜ್ಜೆ ಹೋಗಿ ಹಿಂದೆ ತಿರುಗಿ ನೋಡುತ್ತಿದ್ದರೆ ಅದು ಭಯ. ಹಂತ 5ಕ್ಕೆ ಇಳಿಯಿರಿ. ಹೊರಡುವುದೇ ಇಲ್ಲ ಅಂದರೆ ಭಾರ ಜಾಸ್ತಿ. ತಕ್ಕಡಿ ಹಾಕಿ ನೋಡಿ, ಅರ್ಧಕ್ಕೆ ಇಳಿಸಿ. ಚೆನ್ನಾಗಿ ಎಳೆಯುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಮಲಗಿಬಿಟ್ಟರೆ ಜ್ವರ ನೋಡಿ, ವಸಡು ನೋಡಿ.

ಯಾವಾಗಲೂ ಒಂದೇ ಬದಿಗೆ ವಾಲಿ ಎಳೆಯುತ್ತಿದ್ದರೆ ಮೊದಲು ಕೋಲಿನ ಎರಡೂ ಬದಿಯ ಪಟ್ಟಿ ಸಮ ಉದ್ದ ಇವೆಯಾ ಅಳೆಯಿರಿ. ಸಮ ಇದ್ದರೆ ದಿಕ್ಕು ಬದಲಿಸಿ ಎಳೆಸಿ, ನೆಲ ಓರೆಯಾಗಿದ್ದರೆ ಗೊತ್ತಾಗುತ್ತದೆ. ಆಗಲೂ ಅದೇ ಬದಿಗೆ ವಾಲಿದರೆ ನೋಯುವ ಕಾಲನ್ನು ಉಳಿಸಿಕೊಳ್ಳುತ್ತಿದೆ ಎಂದರ್ಥ. ಹಾರ್ನೆಸ್ ಬಿಚ್ಚಿಟ್ಟು ಎಕ್ಸ್‌ರೇಗೆ ಕರೆದುಕೊಂಡು ಹೋಗಿ, ವಾಲುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಹೋದರೆ ಡಾಕ್ಟರಿಗೂ ಅನುಕೂಲ.